ಹವಳದ ನಾಡಿ ಹಿಡಿದ ಕತೆ

ಭದ್ರಾವತಿಯ ಜನ್ನಾಪುರಕ್ಕೂ ಸಮುದ್ರಕ್ಕೂ ನಡುವೆ ಇಡೀ ಪಶ್ಚಿಮ ಘಟ್ಟವೇ ಅಡ್ಡ ನಿಂತಿದೆ. ಆದರೂ ಹವಳ ತನ್ನ ಮನೆ ಕಟ್ಟಿಕೊಳ್ಳುವ ವಸ್ತು ಈ ಊರಿಗೆ ಹೊಸದಲ್ಲ. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಬೀಡುಕಬ್ಬಿಣ ತಯಾರಾಗತೊಡಗಿದಾಗ, ಕುಲುಮೆಗೆ ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಇದ್ದಿಲಿನ ಜೊತೆಗೆ ಸುಣ್ಣದ ಕಲ್ಲನ್ನೂ ಸುರಿಯುತ್ತಿದ್ದರು. ಅದಿರಿನ ಕಶ್ಮಲವನ್ನು ಹೀರಿ ಕಿಟ್ಟವಾಗಿ ಹೊರಬರುವುದು ಆ ಕಲ್ಲಿನ ಕೆಲಸ. ಆ ಸುಣ್ಣದ ಕಲ್ಲೂ ಹವಳದ ಗೂಡೂ ಮೂಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟೇ. ಗಾಜಿನ ತೊಟ್ಟಿಯಲ್ಲಿ ಸೊರಗುವ ಹವಳದ ಕಾಯಿಲೆಯನ್ನು ಪತ್ತೆ ಹಚ್ಚಿದ ಇತಿಹಾಸದಲ್ಲೂ ಸುಣ್ಣಕ್ಕೆ ದೊಡ್ಡ ಪಾತ್ರವಿದೆ.

ಬಹುಕಾಲ ಮನೆಯ ಅಕ್ವೇರಿಯಂಗಳಲ್ಲಿ ಸಮುದ್ರದ ಮೀನು ಬದುಕುತ್ತಿತ್ತು, ಹವಳ ಮಾತ್ರ ಸಾಯುತ್ತಿತ್ತು. ಕಾರಣದ ಮೊದಲ ಎಳೆ ಸಿಕ್ಕಿದ್ದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ. ಅಲ್ಲಿಗೆ 1928-29ರಲ್ಲಿ ಹೋದ ಬ್ರಿಟಿಷ್ ತಂಡದ ನಾಯಕ ಸಿ.ಎಂ. ಯಂಗ್ ಹವಳಗಳನ್ನು ಬಿಸಿನೀರಿನಲ್ಲಿ, ಕತ್ತಲೆಯಲ್ಲಿ, ಉಪವಾಸದಲ್ಲಿ ಇಟ್ಟು ನೋಡಿದರು. ಸಂಕಟಕ್ಕೆ ಸಿಕ್ಕ ಹವಳ ತನ್ನ ಮೈಯೊಳಗೆ ವಾಸವಾಗಿರುವ ಕಣ್ಣಿಗೆ ಕಾಣದ ಪಾಚಿಯನ್ನು ಹೊರದೂಡುತ್ತಿತ್ತು. ಹವಳದ ಬಣ್ಣ ಬಹುಮಟ್ಟಿಗೆ ಆ ಪಾಚಿಯದೇ. ಪಾಚಿ ಹೋದರೆ ತೆಳ್ಳನೆಯ ಮಾಂಸದಡಿಯ ಸುಣ್ಣದ ಎಲುಬು ಬೆಳ್ಳಗೆ ಕಾಣುತ್ತದೆ.

1959ರಲ್ಲಿ ಥಾಮಸ್ ಗೋರೊ, ಬೆಳಕಿದ್ದಾಗ ಹವಳ ಬಹಳ ಬೇಗ ಸುಣ್ಣ ಕಟ್ಟುತ್ತದೆಂದು ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ತೋರಿಸಿದರು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಜೀವಿಗಳು ತುಂಬಿದ ಸಮುದ್ರದ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದಲೇ ತೊಟ್ಟಿ ನಡೆಸುವ ವಿಧಾನವನ್ನು ಬರೆದು ತಿಳಿಸಿದರು. ಆ ಕಲ್ಲಿನ ಬ್ಯಾಕ್ಟೀರಿಯಾಗಳೇ ನೀರಿನ ಕೊಳೆಯನ್ನು ಕರಗಿಸುತ್ತಿದ್ದವು.

ಉಳಿದದ್ದು ಸುಣ್ಣದ ಸಮಸ್ಯೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಸಮುದ್ರದಲ್ಲಿ ಅದಕ್ಕೆ ಕೊರತೆಯಿಲ್ಲ. ಚಿಕ್ಕ ತೊಟ್ಟಿಯಲ್ಲಿ ಹವಳ ಬೆಳೆದಷ್ಟೂ ಅದು ಕರಗುತ್ತದೆ. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಪ್ರಚಾರಕ್ಕೆ ತಂದ ಪರಿಹಾರ ನಮ್ಮ ಮನೆಗಳಲ್ಲಿ ಗೊತ್ತಿರುವಂಥದೇ: ಸುಣ್ಣದ ತಿಳಿನೀರು. ಆವಿಯಾದ ನೀರಿನ ಬದಲಿಗೆ ಅದನ್ನು ಹನಿಹನಿಯಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ಅದರ ಕ್ಷಾರವೇ ಹವಳವನ್ನು ಕೊಲ್ಲುತ್ತದೆ.

ಈ ಅನುಭವದಿಂದ ರೋಗಪರೀಕ್ಷೆಯ ಒಂದು ಕ್ರಮ ಮೂಡಿತು. ಬಣ್ಣ ಹೋಗಿಯೂ ಮಾಂಸ ಉಳಿದಿದ್ದರೆ ಮೊದಲು ಉಷ್ಣತೆಯನ್ನು, ಬಳಿಕ ದೀಪವನ್ನು ಸಂಶಯಿಸಬೇಕು. ಬಣ್ಣ ಕಂದಾದರೆ ಬೆಳಕು ಸಾಲದು, ಇಲ್ಲವೇ ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚು. ಬಣ್ಣವಿದ್ದೂ ಬೆಳವಣಿಗೆ ನಿಂತರೆ ಕ್ಯಾಲ್ಸಿಯಂ ಮತ್ತು ಕ್ಷಾರವನ್ನು ಅಳೆಯಬೇಕು. ಮಾಂಸವೇ ಕಳಚಿ ಬೀಳುತ್ತಿದ್ದರೆ ನೀರಿನ ಗುಣ ಹಠಾತ್ತಾಗಿ ಬದಲಾಗಿರಬಹುದು, ಸೋಂಕೂ ತಗುಲಿರಬಹುದು. ಔಷಧಿ ಹುಡುಕುವ ಮೊದಲು ನೀರನ್ನು ಪರೀಕ್ಷಿಸುವುದೇ ಇಲ್ಲಿನ ಪಾಠ. ಬಿಳಿಚಿದ ಹವಳ ಸತ್ತ ಹವಳವಲ್ಲ ಎಂಬುದು ಇನ್ನೂ ಮುಖ್ಯ. ಬೇಗನೆ ತಂಪಾದರೆ ಪಾಚಿ ಮರಳಿ ಬರುತ್ತದೆ. ಸತ್ತಿತೆಂದು ಎಸೆದವರು ಬದುಕಿದ್ದನ್ನೇ ಎಸೆದಿರಬಹುದು.

ನಮ್ಮ ದೇಶದಲ್ಲಿ 2001ರಿಂದ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಹುಲಿಗಿರುವ ರಕ್ಷಣೆಯೂ ಅದೇ. ಅವನ್ನು ಸಮುದ್ರದಿಂದ ಕಿತ್ತು ತಂದು ಮಾರುವುದು ಅಪರಾಧ. ಆದರೂ ತೊಟ್ಟಿ ಕಲಿಸಿದ ವಿದ್ಯೆ ನಮಗೆ ಬೇಕಾಗಿದೆ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಅಮಿನಿ, ಕಡಮತ್ ಮುಂತಾದ ದ್ವೀಪಗಳಿರುವ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಕಡಲು ಕಾದು ಹವಳ ವ್ಯಾಪಕವಾಗಿ ಬಿಳಿಚಿತು. ಯಂಗ್ ಪಾತ್ರೆಯಲ್ಲಿ ಕಂಡ ಲಕ್ಷಣವೇ ಅದು. ತೊಟ್ಟಿಯ ನೀರನ್ನಾದರೆ ಮನೆಯವರು ಸಂಜೆಯೊಳಗೆ ತಣಿಸಬಹುದು. ಸಮುದ್ರದ ಕಾಯಿಲೆಗೆ ಕಾರಣ ಗೊತ್ತಾಗಿದೆ. ಅದನ್ನು ತಣಿಸುವ ಕೆಲಸ ಮಾತ್ರ ಒಂದು ಮನೆಯದಲ್ಲ, ಒಂದು ಸಂಜೆಯದೂ ಅಲ್ಲ.