ಉಮಿಬೂದಿ, ರಬ್ಬರು, ನಡುವಿನ ನೀರು

ಅಕ್ಕಮಹಾದೇವಿಯ ಹುಟ್ಟೂರು ಉಡುತಡಿಯ ಆಸುಪಾಸಿನ ಶಿಕಾರಿಪುರ, ಸೊರಬ ಸೀಮೆಗೆ ಭತ್ತ ಹಳೆಯ ನಂಟು. ನೂರು ಕಿಲೋ ಭತ್ತ ಮಿಲ್ಲಿಗೆ ಹೋದರೆ ಸುಮಾರು 20 ಕಿಲೋ ಉಮಿ ಹೊರಬೀಳುತ್ತದೆ. ಅದನ್ನು ಸುಟ್ಟರೆ ಉಳಿಯುವುದು 4 ಕಿಲೋ ಬೂದಿ. ಚೆನ್ನಾಗಿ ಬೆಂದ ಬೂದಿಯಲ್ಲಿ ಶೇ 85ಕ್ಕೂ ಹೆಚ್ಚು ಸಿಲಿಕಾ. ಹಿರಿಯರ ಉಮಿಕರಿ ಹಲ್ಲು ಬೆಳಗಿದ್ದರಲ್ಲಿ ಈ ಸಿಲಿಕಾದ ಪಾಲೂ ಇತ್ತು.

ಇದೇ ಸಿಲಿಕಾ ರಬ್ಬರಿಗೆ, ಪ್ಲಾಸ್ಟಿಕ್ಕಿಗೆ ಬಲ ಕೊಡುವ ಫಿಲ್ಲರ್ ಕೂಡ ಹೌದು. ಆದರೆ ಸುಮ್ಮನೆ ಬೆರೆಸಿದರೆ ಹೊಂದುವುದಿಲ್ಲ. ಸಿಲಿಕಾದ ಮೈ ನೀರಿಗೆ ಒಲಿಯುವಂಥದ್ದು, ರಬ್ಬರಿನದು ಎಣ್ಣೆಯ ಸ್ವಭಾವ. ಕಣಗಳು ತಮ್ಮತಮ್ಮಲ್ಲೇ ಗಂಟುಕಟ್ಟುತ್ತವೆ. ಇವೆರಡನ್ನೂ ಕೂಡಿಸುವುದು ಸೈಲೇನ್ ಎಂಬ ರಾಸಾಯನಿಕ. ಅದರ ಅಣುವಿನ ಒಂದು ತುದಿ ಸಿಲಿಕಾವನ್ನು ಹಿಡಿದರೆ ಇನ್ನೊಂದು ರಬ್ಬರನ್ನೋ ರಾಳವನ್ನೋ ಹಿಡಿಯುತ್ತದೆ.

ಸೈಲೇನ್ ಹಚ್ಚುವ ಈ ವಿದ್ಯೆ ಬೆಳೆದದ್ದು ನೀರಿನ ಕಾಟದಿಂದ. ಗಾಜಿನ ನೂಲಿಗೆ ಪಾಲಿಯೆಸ್ಟರ್ ರಾಳ ಸುರಿದು ಮಾಡಿದ ಹಲಗೆ ಒಣಗಿದ್ದಾಗ ಗಟ್ಟಿ, ನೆನೆದರೆ ದುರ್ಬಲ. 1947ರಲ್ಲಿ ರಾಲ್ಫ್ ವಿಟ್ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಗೆ ಕೊಟ್ಟ ವರದಿಯಲ್ಲಿ, ರಾಳದೊಡನೆ ಬೆಸೆಯಬಲ್ಲ ಅಲೈಲ್ ಸೈಲೇನ್ ಹಚ್ಚಿದ ನೂಲು, ಬೆಸೆಯಲಾರದ ಈಥೈಲ್ ಸೈಲೇನಿನದಕ್ಕಿಂತ ಎರಡು ಪಟ್ಟು ಬಲ ಕೊಟ್ಟಿತೆಂದು ದಾಖಲಿಸಿದರು. ಮುಂದೆ ಡೌ ಕಾರ್ನಿಂಗ್‌ನ ಎಡ್ವಿನ್ ಪ್ಲೂಡೆಮನ್ ಇದನ್ನು ಶಾಸ್ತ್ರವಾಗಿ ಬೆಳೆಸಿದರು. ಅವರ ವಿವರಣೆ ನನಗೆ ಬಹಳ ಹಿಡಿಸಿದ್ದು: ನೀರು ನುಗ್ಗಿದಾಗ ಬೆಸುಗೆ ಬಿಡುತ್ತದೆ, ಅಲ್ಲೇ ಮತ್ತೆ ಕೂಡುತ್ತದೆ, ಹಾಗೆ ಕೂಡುವ ಗುಣದಿಂದಲೇ ಅದು ಬಾಳುತ್ತದೆ. ಅಷ್ಟರಲ್ಲಿ ರಾಫೆಲ್ ಬೋವೆನ್ ಸೈಲೇನ್ ಹಚ್ಚಿದ ಸಿಲಿಕಾ ಪುಡಿಯಿಂದ ಹಲ್ಲು ತುಂಬುವ ರಾಳ ಮಾಡಿ 1962ರಲ್ಲಿ ಪೇಟೆಂಟ್ ಪಡೆದಿದ್ದರು. ಉಮಿಕರಿ ತಿಕ್ಕಿದ ಬಾಯಿಗೆ ಸಿಲಿಕಾ ಬೇರೊಂದು ರೂಪದಲ್ಲಿ ಬಂತು.

ಫಿಲ್ಲರಿಗೆ ಸೈಲೇನ್ ಹಚ್ಚುವ ವಿಧಾನಗಳಲ್ಲಿ ಮೊದಲಿನದು ಒದ್ದೆ ವಿಧಾನ. ನೀರು ಬೆರೆತ ಆಲ್ಕೊಹಾಲಿಗೆ ಅಸೆಟಿಕ್ ಆಮ್ಲ ಹಾಕಿ ಪಿಎಚ್ 4.5ರಿಂದ 5.5ಕ್ಕೆ ತಂದು, ಸೈಲೇನ್ ಬೆರೆಸಿ, ಫಿಲ್ಲರನ್ನು ಅದರಲ್ಲಿ ಕದಡಿ, ಸೋಸಿ, 110–120 ಡಿಗ್ರಿಯಲ್ಲಿ ಒಣಗಿಸುವುದು. ಪದರ ಒಂದೇ ಸಮ ಕೂರುತ್ತದೆ, ಖರ್ಚು ಹೆಚ್ಚು. ಒಣ ವಿಧಾನದಲ್ಲಿ ವೇಗವಾಗಿ ಸುತ್ತುವ ಮಿಕ್ಸರಿನಲ್ಲಿ ಪುಡಿಯ ಮೇಲೆ ಸೈಲೇನ್ ಸಿಂಪಡಿಸುತ್ತಾರೆ. ಪುಡಿಗೆ ಅಂಟಿದ ತೇವವೇ ಅದನ್ನು ಎಬ್ಬಿಸುತ್ತದೆ. ಫಿಲ್ಲರಿನ ತೂಕದ ಶೇ 0.5ರಿಂದ 2 ಸಾಮಾನ್ಯ ಪ್ರಮಾಣ. ಕಣ ಸಣ್ಣದಾದಷ್ಟೂ ಮೈ ಹೆಚ್ಚು, ಸೈಲೇನೂ ಹೆಚ್ಚು ಬೇಕು. ಸುಣ್ಣಕಲ್ಲಿನ ಪುಡಿಗೆ ಈ ಮದ್ದು ಅಷ್ಟಾಗಿ ತಾಗದು; ಅದಕ್ಕೆ ಸ್ಟಿಯರಿಕ್ ಆಮ್ಲವೇ ವಾಸಿ.

ಮೂರನೆಯದು, ಬೆರಕೆಯಲ್ಲೇ ಹಚ್ಚುವುದು. ಟೈರಿಗೆ ಇದೇ ದಾರಿ. ಗಂಧಕ ಕೂಡಿದ ಸೈಲೇನನ್ನು ರಬ್ಬರು, ಸಿಲಿಕಾದೊಡನೆ ಸುಮಾರು 140–155 ಡಿಗ್ರಿಯಲ್ಲಿ ನಾದುತ್ತಾರೆ. ಕಡಿಮೆಯಾದರೆ ಬೆಸುಗೆ ಆಗದು, ಮೀರಿದರೆ ರಬ್ಬರು ಹೊತ್ತಿಗೆ ಮೊದಲೇ ಬಲಿಯುತ್ತದೆ. 1992ರಲ್ಲಿ ಮಿಷೆಲಿನ್ ತಂದ ಸಿಲಿಕಾ ಟೈರು ಉರುಳುವಾಗಿನ ತಡೆ ತಗ್ಗಿಸಿ ಇಂಧನ ಉಳಿಸಿದ್ದು ಈ ನಾದುವಿಕೆಯಿಂದ. ನಾದುವಾಗ ಹೊರಬರುವ ಇಥನಾಲ್ ಆವಿ ಮಾತ್ರ ಇನ್ನೂ ತಲೆನೋವು.

ಉಮಿ ಈ ಕಥೆಗೆ ಸೇರಿದ್ದು ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಉಮಿಬೂದಿಯಿಂದ ಸಿಲಿಕಾ ತೆಗೆಯುವ ವಿಧಾನ ರೂಪಿಸಿತು: ಕಾಸ್ಟಿಕ್ ಸೋಡಾದಲ್ಲಿ ಬೂದಿ ಕರಗಿಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ ಸಿಲಿಕಾ ಬೀಳಿಸಿ, ಸುಣ್ಣದಿಂದ ಸೋಡಾ ಮರಳಿ ಪಡೆಯುವುದು. 2014ರಲ್ಲಿ ಗುಡ್‌ಇಯರ್ ಉಮಿಬೂದಿಯ ಸಿಲಿಕಾವನ್ನು ಟೈರಿಗೆ ಬಳಸುವುದಾಗಿ ಪ್ರಕಟಿಸಿತು.

ಆದರೆ ಎಲ್ಲವೂ ಉರಿಯ ಮೇಲೆ ನಿಂತಿದೆ. ಸುಮಾರು 700 ಡಿಗ್ರಿಯೊಳಗೆ ಬೆಂದ ಸಿಲಿಕಾ ಹರಳುಗಟ್ಟದೆ, ಸೈಲೇನ್ ಹಿಡಿಯುವ ಹೈಡ್ರಾಕ್ಸಿಲ್ ಗುಂಪುಗಳನ್ನು ಉಳಿಸಿಕೊಳ್ಳುತ್ತದೆ. ಉರಿ ಬಹಳ ಏರಿದರೆ ಕ್ರಿಸ್ಟೋಬಲೈಟ್ ಆಗಿ ಹರಳುಗಟ್ಟುತ್ತದೆ. ಆ ಧೂಳು ಶ್ವಾಸಕೋಶಕ್ಕೂ ಹಾನಿ. ಬೂದಿಯ ಬೆಲೆ ನಿರ್ಧಾರವಾಗುವುದು ಮಿಲ್ಲಿನ ಒಲೆಯ ಬಾಯಲ್ಲಿ, ಸೈಲೇನ್ ಡಬ್ಬಿ ತೆರೆಯುವುದಕ್ಕೆ ಎಷ್ಟೋ ಮೊದಲು.