ಎಲಿಯಾಸ್ ಜೆರ್ಹೂನಿ ಮತ್ತು ಹೃದಯದ ಎಂಆರ್‌ಐ ಟ್ಯಾಗಿಂಗ್

ಎಲಿಯಾಸ್ ಜೆರ್ಹೂನಿ (ಜನನ 1951) ಅಲ್ಜೀರಿಯಾ ಮೂಲದ ಅಮೆರಿಕನ್ ರೇಡಿಯಾಲಜಿಸ್ಟ್. ಮಿಡಿಯುತ್ತಿರುವ ಹೃದಯದ ಸ್ನಾಯುವಿನೊಳಗೆ, ಎದೆ ಕೊಯ್ಯದೆ, ಕಾಂತೀಯ ಗೆರೆಗಳನ್ನು ಮೂಡಿಸಿ ಅದರ ಚಲನೆಯನ್ನು ಅಳೆಯುವ ವಿಧಾನವನ್ನು 1988ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಈ ವಿಧಾನಕ್ಕೆ ಟ್ಯಾಗಿಂಗ್ ಎಂಬ ಹೆಸರು ನಿಂತಿದೆ. ಮುಂದೆ 2002ರಿಂದ 2008ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ನಿರ್ದೇಶಕರಾಗಿದ್ದರು. ಸಾರ್ವಜನಿಕರಿಗೆ ಅವರ ಹೆಸರು ಪರಿಚಯವಾದದ್ದು ಈ ಹುದ್ದೆಯಿಂದ. ಹೃದ್ರೋಗ ಸಂಶೋಧಕರಿಗೆ ಮಾತ್ರ ಅವರು ಇಂದಿಗೂ ಟ್ಯಾಗಿಂಗ್‌ನ ಜೆರ್ಹೂನಿಯೇ.

ಹುಟ್ಟಿದ್ದು ಪಶ್ಚಿಮ ಅಲ್ಜೀರಿಯಾದ ನೆದ್ರೋಮಾ ಪಟ್ಟಣದಲ್ಲಿ. ಆಗಿನ್ನೂ ಅದು ಫ್ರೆಂಚರ ಆಳ್ವಿಕೆಯಲ್ಲಿದ್ದ ನಾಡು. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. 1975ರಲ್ಲಿ ಅಲ್ಜಿಯರ್ಸ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಅದೇ ವರ್ಷ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ಗೆ ರೇಡಿಯಾಲಜಿ ಕಲಿಯಲು ಬಂದರು. ಸಿಟಿ ಸ್ಕ್ಯಾನ್‌ನಿಂದ ಮೊದಲ ರೋಗಿಯ ಚಿತ್ರ ತೆಗೆದದ್ದು 1971ರಲ್ಲಿ. ಹೀಗಾಗಿ ಅವರು ಕಾಲಿಟ್ಟಾಗ ಸಿಟಿ ಚಿತ್ರಣ ಇನ್ನೂ ಎಳೆಯದು.

ಅವರ ಆರಂಭದ ಕೆಲಸ ಹೃದಯದ್ದಲ್ಲ, ಶ್ವಾಸಕೋಶದ್ದು. ಎದೆಯ ಎಕ್ಸ್‌ರೇಯಲ್ಲಿ ಒಂಟಿ ಗಂಟೊಂದು ಕಂಡರೆ ಅದು ಕ್ಯಾನ್ಸರೋ ಹಳೆಯ ಸೋಂಕಿನ ಗಾಯದ ಕಲೆಯೋ ಎಂಬ ಪ್ರಶ್ನೆ ಏಳುತ್ತದೆ. ಗಂಟಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಅದು ಬಹುಮಟ್ಟಿಗೆ ನಿರಪಾಯ. ಸಿಟಿ ಯಂತ್ರ ಆ ಅಂಶವನ್ನು ಅಂಕಿಯಲ್ಲಿ ತೋರಿಸಬಲ್ಲದು, ಆದರೆ ಅದೇ ಗಂಟಿಗೆ ಒಂದೊಂದು ಯಂತ್ರ ಒಂದೊಂದು ಅಂಕಿ ಕೊಡುತ್ತಿತ್ತು. ಜೆರ್ಹೂನಿ ಮತ್ತು ಸಂಗಡಿಗರು ಎದೆಯ ಅಡ್ಡಸೀಳಿನ ಆಕಾರದ ಮಾದರಿಯೊಂದನ್ನು ರೂಪಿಸಿದರು. ಸುಣ್ಣದ ಪ್ರಮಾಣ ಮೊದಲೇ ಗೊತ್ತಿರುವ ಕೃತಕ ಗಂಟನ್ನು ಅದರೊಳಗಿಟ್ಟು, ರೋಗಿಯನ್ನು ಸ್ಕ್ಯಾನ್ ಮಾಡಿದ ಯಂತ್ರದಲ್ಲೇ ಅದನ್ನೂ ಸ್ಕ್ಯಾನ್ ಮಾಡಿ ಎರಡನ್ನೂ ತಾಳೆ ನೋಡುವುದು ಉಪಾಯ. ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಇದರ ಪರೀಕ್ಷೆ 1986ರಲ್ಲಿ ಪ್ರಕಟವಾಯಿತು. ಚಿತ್ರವನ್ನು ಕಣ್ಣಂದಾಜಿಗೆ ಬಿಡದೆ ಅಳತೆಗೆ ಒಗ್ಗಿಸಬೇಕೆಂಬ ಈ ಹಟ ಮುಂದಿನ ಕೆಲಸದಲ್ಲೂ ಕಾಣುತ್ತದೆ. ನಡುವೆ 1981ರಿಂದ 1985ರವರೆಗೆ ವರ್ಜೀನಿಯಾದ ನಾರ್ಫಕ್‌ನಲ್ಲಿದ್ದು, ಬಳಿಕ ಹಾಪ್ಕಿನ್ಸ್‌ಗೆ ಮರಳಿದರು.

ಆ ಹೊತ್ತಿಗೆ ಎಂಆರ್‌ಐ ಬೇರೂರುತ್ತಿತ್ತು. ಪಾಲ್ ಲಾಟರ್ಬರ್ 1973ರಲ್ಲಿ ಕಾಂತೀಯ ಅನುರಣನದಿಂದ ಚಿತ್ರ ಕಟ್ಟಬಹುದೆಂದು ತೋರಿಸಿದ್ದರು. ಮೆದುಳು, ಬೆನ್ನುಹುರಿಗಳಂಥ ಕದಲದ ಅಂಗಗಳಿಗೆ ಅದು ಚೆನ್ನಾಗಿ ಒಗ್ಗಿತು. ಹೃದಯ ಹಾಗಲ್ಲ. ಅದು ತಾನೂ ಮಿಡಿಯುತ್ತದೆ, ಉಸಿರಾಟದ ಜೊತೆ ಮೇಲೆ ಕೆಳಗೆ ಜಾರುತ್ತಲೂ ಇರುತ್ತದೆ. ರೋಗಿಯ ಇಸಿಜಿಗೆ ಯಂತ್ರವನ್ನು ಜೋಡಿಸಿ, ಪ್ರತಿ ಬಡಿತದ ಅದೇ ಘಟ್ಟದಲ್ಲಿ ಮಾಹಿತಿ ಸಂಗ್ರಹಿಸಿ, ಹಲವು ಬಡಿತಗಳ ತುಣುಕುಗಳಿಂದ ಒಂದು ಚಿತ್ರ ಹೊಂದಿಸುವುದನ್ನು 1980ರ ದಶಕದ ಮೊದಲರ್ಧದಲ್ಲಿ ಸಂಶೋಧಕರು ಸಾಧಿಸಿಕೊಂಡರು. ಚಿತ್ರ ಸ್ಪಷ್ಟವಾಯಿತು, ಆದರೆ ತೊಡಕೊಂದು ಉಳಿಯಿತು. ಹೃದಯದ ಗೋಡೆ ಎಲ್ಲಾ ಕಡೆ ಒಂದೇ ಬೂದು ಬಣ್ಣ. ಹೊರ ಅಂಚು, ಒಳ ಅಂಚು ಕಾಣುತ್ತವೆ, ಗೋಡೆ ದಪ್ಪಗಾದದ್ದು ತಿಳಿಯುತ್ತದೆ. ಗೋಡೆಯೊಳಗಿನ ಯಾವ ಚೂರು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದಕ್ಕೆ ಮಾತ್ರ ಗುರುತೇ ಇಲ್ಲ. ಬಿಳಿ ಬಟ್ಟೆಯನ್ನು ಹಿಂಡಿದರೆ ಎಲ್ಲಿ ಎಷ್ಟು ತಿರುಚಿತೆಂದು ಹೇಳುವುದು ಕಷ್ಟ. ಚೌಕಳಿ ಟವೆಲ್ ಆದರೆ ಚೌಕಗಳೇ ಹೇಳುತ್ತವೆ.

ಚೌಕಳಿ ಹಾಕುವ ಯತ್ನ ಹಿಂದೆಯೂ ನಡೆದಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ನೀಲ್ ಇಂಗೆಲ್ಸ್ ಮತ್ತು ಸಂಗಡಿಗರು 1970ರ ದಶಕದಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದವರ ಹೃದಯ ಸ್ನಾಯುವಿನಲ್ಲಿ ಟ್ಯಾಂಟಲಮ್ ಲೋಹದ ಪುಟ್ಟ ಗುರುತುಗಳನ್ನು ಹುದುಗಿಸಿ ಎಕ್ಸ್‌ರೇಯಲ್ಲಿ ಅವುಗಳ ಜಾಡು ಹಿಡಿದಿದ್ದರು. ಅಳತೆ ಖಚಿತ, ಆದರೆ ಆರೋಗ್ಯವಂತರ ಎದೆ ತೆರೆದು ಇದನ್ನು ಮಾಡುವಂತಿಲ್ಲ.

ಜೆರ್ಹೂನಿ ತಂಡದ ಯುಕ್ತಿ ಸರಳ. ಇಸಿಜಿಯಲ್ಲಿ ಬಡಿತದ ಆರಂಭ ಕಂಡ ಕೂಡಲೇ, ಚಿತ್ರ ತೆಗೆಯುವ ಮೊದಲು, ಹೃದಯವನ್ನು ಅಡ್ಡಹಾಯುವ ಕೆಲವು ತೆಳು ಪದರಗಳಿಗೆ ಮಾತ್ರ ರೇಡಿಯೊ ಅಲೆ ಹೊಡೆಯುವುದು. ಆ ಪದರಗಳ ಪ್ರೋಟಾನ್‌ಗಳ ಕಾಂತತ್ವ ತಾತ್ಕಾಲಿಕವಾಗಿ ಅಳಿಸಿಹೋಗುತ್ತದೆ. ಚಿತ್ರದಲ್ಲಿ ಅವು ಕಪ್ಪು ಗೆರೆಗಳಾಗಿ ಮೂಡುತ್ತವೆ. ಗೆರೆ ಪರದೆಯ ಮೇಲಿನದಲ್ಲ, ಸ್ನಾಯುವಿನದೇ ಸ್ಥಿತಿ. ಹಾಗಾಗಿ ಸ್ನಾಯು ಸರಿದರೆ ಗೆರೆಯೂ ಸರಿಯುತ್ತದೆ, ತಿರುಚಿದರೆ ಬಾಗುತ್ತದೆ. ಹೃದಯದ ಕೋಣೆಯೊಳಗಿನ ರಕ್ತದಲ್ಲೂ ಮೊದಲು ಅದೇ ಗೆರೆಗಳು ಬೀಳುತ್ತವೆ, ಆದರೆ ರಕ್ತ ಕದಡಿ ಹೊರಟುಹೋಗುವುದರಿಂದ ಕೆಲವೇ ಕ್ಷಣಗಳಲ್ಲಿ ಕಲಸಿ ಮಾಯವಾಗುತ್ತವೆ. ಗೋಡೆಯಲ್ಲಿ ಮಾತ್ರ ಉಳಿಯುತ್ತವೆ. ‘ರೇಡಿಯಾಲಜಿ’ ಪತ್ರಿಕೆಯಲ್ಲಿ 1988ರಲ್ಲಿ ಬಂದ ಈ ಪ್ರಬಂಧ ಹೃದಯದ ಚಿತ್ರಣದಲ್ಲಿ ಬಹಳವಾಗಿ ಉಲ್ಲೇಖಗೊಂಡ ಬರಹಗಳಲ್ಲಿ ಒಂದು. ಮರುವರ್ಷವೇ ಲಿಯನ್ ಆಕ್ಸೆಲ್ ಮತ್ತು ಲಾರೆನ್ಸ್ ಡೌಗರ್ಟಿ ಒಂದೊಂದೇ ಗೆರೆ ಎಳೆಯುವ ಬದಲು ಸಾಲುಸಾಲು ಪಟ್ಟೆಗಳನ್ನು ಒಂದೇ ಏಟಿಗೆ ಮೂಡಿಸುವ ‘ಸ್ಪ್ಯಾಮ್’ ವಿಧಾನ ಪ್ರಕಟಿಸಿದರು. ಆಮೇಲೆ ಹೆಚ್ಚು ಬಳಕೆಗೆ ಬಂದದ್ದು ಅದರ ಸಂತತಿಯೇ. ಟ್ಯಾಗಿಂಗ್‌ನ ಶ್ರೇಯಸ್ಸನ್ನು ಜೆರ್ಹೂನಿ ಒಬ್ಬರಿಗೇ ಕಟ್ಟುವುದು ನ್ಯಾಯವಲ್ಲ.

ಗೆರೆಗಳು ಹೇಳಿದ ಸಂಗತಿಗಳು ಹಲವು. ಎಡ ಹೃತ್ಕುಕ್ಷಿ ಕುಗ್ಗುವಾಗ ಸುಮ್ಮನೆ ಕಿರಿದಾಗುವುದಿಲ್ಲ. ತುದಿಯ ಕಡೆಯಿಂದ ನೋಡಿದರೆ ತುದಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೂ ಬುಡ ಮುಳ್ಳಿನ ದಿಕ್ಕಿಗೂ ತಿರುಗುತ್ತದೆ. ಈ ತಿರುಚು ಮೊದಲೇ ಗೊತ್ತಿತ್ತು. ಆರೋಗ್ಯವಂತರಲ್ಲಿ ಅದನ್ನು ಟ್ಯಾಗಿಂಗ್‌ನಿಂದ ಅಳೆದ ಹಾಪ್ಕಿನ್ಸ್ ತಂಡದ ವರದಿ 1990ರಲ್ಲಿ ಬಂತು. ಬುಡದ ಭಾಗ ಪ್ರತಿ ಬಡಿತಕ್ಕೂ ತುದಿಯತ್ತ ಒಂದು ಸೆಂಟಿಮೀಟರಿಗೂ ಹೆಚ್ಚು ಜಗ್ಗುತ್ತದೆ. ಎಂದರೆ ಒಂದೇ ಜಾಗಕ್ಕೆ ಗುರಿಯಿಟ್ಟು ತೆಗೆದ ಸ್ಕ್ಯಾನ್‌ನಲ್ಲಿ ಆರಂಭಕ್ಕೆ ಕಂಡ ಸ್ನಾಯು ಬೇರೆ, ಕೊನೆಗೆ ಕಂಡ ಸ್ನಾಯು ಬೇರೆ. ಇದನ್ನು ಸರಿದೂಗಿಸುವ ಬಗೆಯನ್ನೂ 1991ರಲ್ಲಿ ಅದೇ ತಂಡ ತೋರಿಸಿತು. ಅದೇ ವರ್ಷ ಎಲಿಯಟ್ ಮೆಕ್‌ವೇ ಜೊತೆ ಜೆರ್ಹೂನಿ ಬರೆದ ಪ್ರಬಂಧ, ಗೋಡೆಯ ಒಳಪದರ ಹೊರಪದರಕ್ಕಿಂತ ಹೆಚ್ಚು ಕುಗ್ಗುವುದನ್ನು ಅಂಕಿಗಳಲ್ಲಿಟ್ಟಿತು. ಒಳಪದರಕ್ಕೆ ಮಹತ್ವವಿದೆ: ರಕ್ತದ ಪೂರೈಕೆ ತಗ್ಗಿದಾಗ ಮೊದಲು ಪೆಟ್ಟು ಬೀಳುವುದು ಅಲ್ಲಿಗೆ.

ಇಷ್ಟಾದರೂ ಟ್ಯಾಗಿಂಗ್ ದಿನನಿತ್ಯದ ಚಿಕಿತ್ಸೆಗೆ ಇಳಿಯಲಿಲ್ಲ. ಕಾರಣಗಳಲ್ಲಿ ಮೊದಲನೆಯದು ಗೆರೆಗಳ ಅಲ್ಪಾಯುಷ್ಯ. ಆಸ್ಪತ್ರೆಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಯಂತ್ರದಲ್ಲಿ ಹೃದಯ ಸ್ನಾಯು ಸುಮಾರು ಒಂದು ಸೆಕೆಂಡಿನ ಗತಿಯಲ್ಲಿ ಕಾಂತತ್ವವನ್ನು ಮರಳಿ ಪಡೆಯುತ್ತದೆ. ಹೃದಯ ಕುಗ್ಗುವುದನ್ನು ಚೆನ್ನಾಗಿ ತೋರಿಸುವ ಗೆರೆಗಳು ಅದು ಸಡಿಲಗೊಳ್ಳುವ ಹೊತ್ತಿಗೆ ಮಸುಕಾಗುತ್ತವೆ. ಗೋಡೆಯ ದಪ್ಪವೇ ಸುಮಾರು ಒಂದು ಸೆಂಟಿಮೀಟರ್, ಗೆರೆಗಳ ನಡುವೆ ಹಲವು ಮಿಲಿಮೀಟರ್ ಅಂತರ. ದಪ್ಪದ ದಿಕ್ಕಿನ ಅಳತೆ ಸಡಿಲವಾಗದೆ ಇರದು. ಇನ್ನೂ ತೆಳುವಾದ ಬಲ ಹೃತ್ಕುಕ್ಷಿಯ ಗೋಡೆಯಲ್ಲಂತೂ ಕೆಲಸ ಮತ್ತಷ್ಟು ಕಷ್ಟ. ಎಲ್ಲಕ್ಕಿಂತ ದೊಡ್ಡ ತೊಡಕು ದುಡಿಮೆಯದು: ಒಬ್ಬ ರೋಗಿಯ ಚಿತ್ರಗಳಲ್ಲಿ ಗೆರೆಗಳನ್ನು ಕೈಯಿಂದ ಗುರುತಿಸಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಹಾಪ್ಕಿನ್ಸ್‌ನ ನಾಯೆಲ್ ಓಸ್ಮಾನ್, ಜೆರ್ರಿ ಪ್ರಿನ್ಸ್ ಮೊದಲಾದವರು 1999ರಲ್ಲಿ ಪ್ರಕಟಿಸಿದ ‘ಹಾರ್ಪ್’ ಎಂಬ ಲೆಕ್ಕಾಚಾರ ಅದನ್ನು ನಿಮಿಷಗಳಿಗೆ ಇಳಿಸಿತು. ಆದರೆ ಸರಿಸುಮಾರು ಅದೇ ಹೊತ್ತಿಗೆ ರೇಮಂಡ್ ಕಿಮ್ ಮತ್ತು ರಾಬರ್ಟ್ ಜಡ್, ಗ್ಯಾಡೋಲಿನಿಯಮ್ ಔಷಧ ಕೊಟ್ಟು ತೆಗೆದ ಎಂಆರ್‌ಐಯಲ್ಲಿ ಸತ್ತ ಸ್ನಾಯು ಬೆಳ್ಳಗೆ ಹೊಳೆಯುವುದನ್ನು ತೋರಿಸಿದರು. ಹೃದಯಾಘಾತವಾದ ಭಾಗ ಬದುಕಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಅದು ಕಣ್ಣಿಗೆ ಕಾಣುವ ಉತ್ತರ ಕೊಟ್ಟಿತು. ವೈದ್ಯರು ಅದನ್ನು ಒಪ್ಪಿಕೊಂಡದ್ದರಲ್ಲಿ ಅಚ್ಚರಿಯೇನಿಲ್ಲ.

ಟ್ಯಾಗಿಂಗ್ ನೆಲೆ ನಿಂತದ್ದು ಸಂಶೋಧನೆಯಲ್ಲಿ. ಪೇಸ್‌ಮೇಕರ್‌ನ ತಂತಿ ತಪ್ಪಾದ ಜಾಗದಿಂದ ಹೃದಯವನ್ನು ಮಿಡಿಸಿದರೆ ಗೋಡೆಯ ಯಾವ ಭಾಗ ಹೆಚ್ಚು ದುಡಿಯುತ್ತದೆ, ಯಾವುದು ಸೋಮಾರಿಯಾಗುತ್ತದೆ ಎಂಬುದನ್ನು ಫ್ರಿಟ್ಸ್ ಪ್ರಿನ್ಸೆನ್ ಮತ್ತು ಸಂಗಡಿಗರು ಪ್ರಾಣಿಗಳಲ್ಲಿ ಇದರಿಂದಲೇ ನಕ್ಷೆ ಬಿಡಿಸಿದರು. ಅಮೆರಿಕದ 6,814 ಜನರನ್ನು ಒಳಗೊಂಡು 2000ದಲ್ಲಿ ಆರಂಭವಾದ ‘ಮೆಸಾ’ ಅಧ್ಯಯನದಲ್ಲಿ ಒಂದು ಗುಂಪಿಗೆ ಟ್ಯಾಗಿಂಗ್ ಮಾಡಲಾಯಿತು. ಎಕೋ ಸ್ಕ್ಯಾನ್‌ನಲ್ಲಿ ಸ್ನಾಯುವಿನ ಎಳೆತ ಅಳೆಯುವ ಹೊಸ ತಂತ್ರಾಂಶಗಳು ಬಂದಾಗ ಅವುಗಳನ್ನು ಒರೆಹಚ್ಚಿ ನೋಡಿದ್ದೂ ಟ್ಯಾಗಿಂಗ್‌ನ ಅಳತೆಗಳ ಎದುರಿಗೆ.

ಜೆರ್ಹೂನಿ 1996ರಲ್ಲಿ ಹಾಪ್ಕಿನ್ಸ್‌ನ ರೇಡಿಯಾಲಜಿ ವಿಭಾಗದ ಮುಖ್ಯಸ್ಥರಾದರು. ಅಲ್ಲಿಂದಾಚೆ ಅವರ ದಾರಿ ಆಡಳಿತದ್ದು. 2002ರ ಮೇ ತಿಂಗಳಲ್ಲಿ ಎನ್‌ಐಎಚ್ ಸೇರಿದಾಗ ಸಂಸ್ಥೆಯ ಬಜೆಟ್ ಐದು ವರ್ಷಗಳಲ್ಲಿ ಇಮ್ಮಡಿಯಾಗುವ ಹಂತದ ಕೊನೆಯಲ್ಲಿತ್ತು. ಬಳಿಕ ಬೆಳವಣಿಗೆ ನಿಂತಿತು. ಹಲವು ಸಂಸ್ಥೆಗಳು ಕೂಡಿ ಮಾಡಬೇಕಾದ ಸಂಶೋಧನೆಗೆ 2003ರಲ್ಲಿ ‘ರೋಡ್‌ಮ್ಯಾಪ್’ ಯೋಜನೆ ತಂದರು. ಸಂಸ್ಥೆಯ ವಿಜ್ಞಾನಿಗಳು ಔಷಧ ಕಂಪನಿಗಳಿಂದ ಸಲಹಾ ಶುಲ್ಕ ಪಡೆಯುತ್ತಿದ್ದುದು ಪತ್ರಿಕೆಗಳಲ್ಲಿ ಬಯಲಾದ ಮೇಲೆ, 2005ರಲ್ಲಿ ಬಿಗಿ ನಿಯಮ ಜಾರಿಗೊಳಿಸಿ ಒಳಗಿನವರ ಸಿಟ್ಟಿಗೂ ಗುರಿಯಾದರು. ತಮ್ಮನ್ನು ನೇಮಿಸಿದ ಬುಷ್ ಸರ್ಕಾರದ ನಿಲುವಿಗೆ ವಿರುದ್ಧವಾಗಿ, ಭ್ರೂಣದ ಆಕರಕೋಶ ಸಂಶೋಧನೆಯ ಮೇಲಿನ ನಿರ್ಬಂಧ ಸಡಿಲಿಸುವುದೇ ಲೇಸೆಂದು 2007ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿದರು. ಎನ್‌ಐಎಚ್ ಹಣದಿಂದ ನಡೆದ ಸಂಶೋಧನೆಯ ಪ್ರಬಂಧಗಳನ್ನು ಪ್ರಕಟವಾದ 12 ತಿಂಗಳೊಳಗೆ ಯಾರು ಬೇಕಾದರೂ ಉಚಿತವಾಗಿ ಓದುವಂತಿರಬೇಕೆಂಬ ನಿಯಮ ಏಪ್ರಿಲ್ 2008ರಲ್ಲಿ ಕಡ್ಡಾಯವಾಯಿತು. ಅದೇ ವರ್ಷ ಅವರು ಹುದ್ದೆ ಬಿಟ್ಟರು. 2011ರಿಂದ 2018ರವರೆಗೆ ಫ್ರಾನ್ಸಿನ ಔಷಧ ಕಂಪನಿ ಸನೋಫಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು.