ವಿಲಿಂಗ್ಟನ್ನಿನ ಕಪೋತಗೃಹ

ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣಕ್ಕೆ ಪೂರ್ವದಲ್ಲಿರುವ ವಿಲಿಂಗ್ಟನ್ ಗ್ರಾಮದಲ್ಲಿ, ಚರ್ಚಿಗೆ ಅನತಿದೂರದಲ್ಲಿ, ಸುಣ್ಣಕಲ್ಲಿನ ಉನ್ನತವಾದ ಕಟ್ಟಡವೊಂದಿದೆ. ಅದರ ತ್ರಿಕೋಣಾಕಾರದ ತುದಿಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ದೂರದಿಂದ ಕಂಡವರು ಇದನ್ನು ಪ್ರಾರ್ಥನಾಮಂದಿರವೆಂದೇ ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು ನಿರ್ಮಿತವಾದದ್ದು ಪಾರಿವಾಳಗಳಿಗಾಗಿ.

ಕಪೋತವೆಂಬ ಶಬ್ದ ಕನ್ನಡಿಗರಿಗೆ ದೇವಾಲಯವಾಸ್ತುವಿನಿಂದ ಪರಿಚಿತವಾದುದು; ಗೋಡೆಯ ಮೇಲಣ ಬಾಗಿದ ಲೋವೆಗೆ ಆ ಹೆಸರು ಸಲ್ಲುತ್ತದೆ. ಅಮರಕೋಶವು ‘ವಿಟಂಕ’ಕ್ಕೆ ಕಪೋತಪಾಲಿಕೆಯೆಂದೇ ಅರ್ಥ ಹೇಳುತ್ತದೆ. ಆದರೆ ಇಲ್ಲಿ ಅಲಂಕಾರವೆಂಬುದು ಹೊರಮೈಗೆ ಮಾತ್ರ; ಒಳಗಿರುವುದು ಶುದ್ಧ ಆದಾಯದ ಏರ್ಪಾಡು.

ಒಳಭಾಗ ಎರಡು ಕೋಣೆಗಳಾಗಿ ವಿಭಕ್ತವಾಗಿದೆ. ನೆಲದ ಸಮೀಪದಿಂದ ಮಾಡಿನವರೆಗೆ ಗೋಡೆಗಳಲ್ಲಿ ಸಾಲುಸಾಲಾಗಿ ಗೂಡುಗಳು. ಒಟ್ಟು ಸುಮಾರು 1,500. ಮಾಡಿನಲ್ಲಿ ಬಿಟ್ಟ ಕಿಂಡಿಯೇ ಹಕ್ಕಿಗಳ ಹೆಬ್ಬಾಗಿಲು. ಗೂಡಿಗೊಂದು ಜೋಡಿಯೆಂದರೂ, ಎಲ್ಲವೂ ತುಂಬಿದ್ದಾಗ 3,000 ಹಕ್ಕಿಗಳಾಗುತ್ತವೆ. ಜೋಡಿಯೊಂದು ಒಮ್ಮೆಗೆ ಎರಡು ಮೊಟ್ಟೆಗಳಂತೆ ವರ್ಷದಲ್ಲಿ ಹಲವು ಬಾರಿ ಸಂತಾನ ಪಡೆಯುತ್ತದೆ. ಇನ್ನೂ ಹಾರಲು ಕಲಿಯದ, ಸುಮಾರು ನಾಲ್ಕು ವಾರದ ಮರಿಗಳನ್ನು ತೆಗೆದು ಪ್ರಭುವಿನ ಅಡುಗೆಮನೆಗೆ ಕಳುಹುತ್ತಿದ್ದರು. ಹಿಕ್ಕೆ ಉತ್ತಮ ಗೊಬ್ಬರವಾಗಿತ್ತು. ಮುಂದೆ 17ನೆಯ ಶತಮಾನದಲ್ಲಿ ಸಿಡಿಮದ್ದಿನ ಪೆಟ್ಲುಪ್ಪಿಗಾಗಿ ಅರಸನ ಆಳುಗಳು ಇಂತಹ ಕಪೋತಗೃಹಗಳ ನೆಲವನ್ನೇ ಅಗೆಯತೊಡಗಿದರು.

ಇಷ್ಟು ಹಕ್ಕಿಗಳಿಗೆ ಆಹಾರವೆಲ್ಲಿಂದ? ಬೆಳಗಾದೊಡನೆ ಅವು ಸುತ್ತಲಿನ ಹೊಲಗಳಿಗೆ ಹಾರುತ್ತಿದ್ದವು. ಪ್ರಭುವಿನ ಹೊಲ, ಒಕ್ಕಲಿನ ಹೊಲ ಎಂಬ ಭೇದವನ್ನು ಹಕ್ಕಿ ಅರಿಯದು. ಆದರೆ ಕಪೋತಗೃಹವನ್ನು ಕಟ್ಟುವ ಹಕ್ಕು ಬಹುಕಾಲ ಜಮೀನುದಾರ ಪ್ರಭುವಿಗೆ ಮೀಸಲಾಗಿತ್ತು. ಬಿತ್ತಿದವನೊಬ್ಬ, ಉಂಡವನಿನ್ನೊಬ್ಬ. ಫ್ರಾನ್ಸಿನಲ್ಲಿ ಈ ಹಕ್ಕು ಎಷ್ಟು ದ್ವೇಷಕ್ಕೆ ಪಾತ್ರವಾಗಿತ್ತೆಂದರೆ, 1789ರ ಆಗಸ್ಟಿನಲ್ಲಿ ರಾಷ್ಟ್ರೀಯ ಸಭೆಯು ಊಳಿಗಮಾನ್ಯ ಹಕ್ಕುಗಳನ್ನು ರದ್ದುಗೊಳಿಸಿದಾಗ ಅದನ್ನು ಪ್ರತ್ಯೇಕವಾಗಿ ಹೆಸರಿಸಿ ತೆಗೆದುಹಾಕಿತು.

ವಿಲಿಂಗ್ಟನ್ನಿನ ನಿರ್ಮಾಪಕ ಸರ್ ಜಾನ್ ಗೋಸ್ಟ್‌ವಿಕ್ ಲೆಕ್ಕಪತ್ರಗಳಲ್ಲಿ ನುರಿತ ಅಧಿಕಾರಿ. ಮೊದಲು ಕಾರ್ಡಿನಲ್ ವೂಲ್ಸಿಯ, ಬಳಿಕ ಥಾಮಸ್ ಕ್ರಾಂವೆಲ್ಲನ ಕೈಕೆಳಗೆ ದುಡಿದವನು. 1529ರಲ್ಲಿ ಈ ಜಹಗೀರನ್ನು ಕೊಂಡನು. 1541ರಲ್ಲಿ ಎಂಟನೆಯ ಹೆನ್ರಿ ಇಲ್ಲಿ ಅವನ ಅತಿಥಿಯಾಗಿದ್ದನು. ಕಪೋತಗೃಹವೂ ಸುಮಾರಾಗಿ ಅದೇ ಕಾಲದ್ದು. ಆಗ ಮಠಗಳು ವಿಸರ್ಜಿತವಾಗಿ ಅವುಗಳ ಕಲ್ಲು ಸುಲಭವಾಗಿ ದೊರಕುತ್ತಿತ್ತು. ಈ ಗೋಡೆಗಳಲ್ಲೂ ಅಂತಹ ಕಲ್ಲಿದೆಯೆಂಬ ಅಭಿಪ್ರಾಯ ಬಲವಾಗಿದೆ. ಇಷ್ಟಾಗಿಯೂ ಗೋಸ್ಟ್‌ವಿಕ್‌ನನ್ನು ಕೇವಲ ಲೋಭಿಯೆನ್ನಲಾಗದು. ಉತ್ತರಾಧಿಕಾರಿಗೆ ಬರೆದಿಟ್ಟ ಹಿತವಚನದಲ್ಲಿ, ಒಕ್ಕಲುಗಳ ಮೇಲೆ ಸುಮ್ಮನೆ ಗೇಣಿಯನ್ನು ಏರಿಸಬಾರದೆಂದು ಅವನು ಎಚ್ಚರಿಸಿದ್ದಾನೆ. ಗೇಣಿಯ ಭಾರವನ್ನು ಅಷ್ಟು ಬಲ್ಲವನೇ ಸಾವಿರಾರು ಕೊಕ್ಕುಗಳನ್ನು ಅವರ ಪೈರಿನ ಮೇಲೆ ಬಿಟ್ಟನು. ಬಹುಶಃ ಲೆಕ್ಕದ ಪುಸ್ತಕದಲ್ಲಿ ಆ ಕಾಳಿಗೆ ಅಂಕಣವೇ ಇದ್ದಿಲ್ಲ.

1545ರಲ್ಲಿ ಅವನು ತೀರಿಕೊಂಡನು. ಅರಸನನ್ನು ಸತ್ಕರಿಸಿದ ಸೌಧ ಇಂದು ಇಲ್ಲ. ಕಪೋತಗೃಹವೂ ಅದರೆದುರಿನ ಲಾಯವೂ ಉಳಿದಿವೆ. 1914ರಲ್ಲಿ ಕಪೋತಗೃಹ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. ಲಾಯದ ಅಗ್ಗಿಷ್ಟಿಕೆಯ ಕಲ್ಲಿನ ಮೇಲೆ ಜಾನ್ ಬನ್ಯನ್ನನ ಹೆಸರೂ 1650 ಎಂಬ ವರ್ಷವೂ ಕೊರೆದಿವೆ. ಸಮೀಪದ ಎಲ್‌ಸ್ಟೋ ಗ್ರಾಮದಲ್ಲಿ ಹುಟ್ಟಿದ ಆ ಕಲಾಯಿಗಾರನೇ ಅದನ್ನು ಕೊರೆದನೆಂದು ಊರವರ ನಂಬುಗೆ.